ಸುಣ್ಣದೊಳಗಿನ ಮಸಿ: ಡೇರಿಯಾದ ಆಲೆಮನೆಯನ್ನು ಜಲವರ್ಣದಲ್ಲಿ ಬರೆದದ್ದು

ಹನ್ನೊಂದು ವಾರ, ಕೆಟ್ಟುಹೋದ ಎರಡು ಹಾಳೆ, ಒಟ್ಟು 8,410 ರೂಪಾಯಿ. 15 ಇಂಚು ಎತ್ತರ, 22 ಇಂಚು ಅಗಲದ ಜಲವರ್ಣ ಚಿತ್ರವೊಂದು ಮೊನ್ನೆ ಗೋಡೆ ಹತ್ತಿತು. ಪಾಂಡವಪುರದಿಂದ ಮೇಲುಕೋಟೆ ಕಡೆಗೆ ಹೋಗುವಾಗ ಸಿಗುವ ಊರೊಂದರ ಹಳೆಯ ಆಲೆಮನೆ ಅದು. ಈಗ ಹಾಲಿನ ಡೇರಿ. ನಮ್ಮ ಕಡೆಯ ಇಂಥ ಕಟ್ಟಡಗಳನ್ನು ಬರೆಯಬೇಕೆಂದು ಆಸೆಪಡುವವರು ಬಹಳ ಮಂದಿ ಇದ್ದಾರೆ. ಎಲ್ಲಿ ಕಾಯಬೇಕಾಗುತ್ತದೆ, ಎಲ್ಲಿ ದುಡ್ಡು ಹೋಗುತ್ತದೆ, ಯಾವುದು ಯಾಕೆ ಕೆಡುತ್ತದೆ ಅನ್ನುವುದು ಮೊದಲೇ ಗೊತ್ತಿದ್ದರೆ ಇದೇ ಕೆಲಸ ಆರು ವಾರದಲ್ಲಿ ಮುಗಿಯುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಕಟ್ಟಡ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಿದ್ದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ಈ ಭಾಗದಲ್ಲಿ ಕಬ್ಬು ಊರೂರಿಗೂ ಹಬ್ಬಿತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತಿತ್ತು. ಗಾಣದಲ್ಲಿ ರಸ ತೆಗೆದು, ಕೊಪ್ಪರಿಗೆಗೆ ಸುರಿದು, ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತುಂಬಿ ಬೆಲ್ಲವಾಗುವವರೆಗೆ ಕುದಿಸುತ್ತಿದ್ದರು. ಇದನ್ನು ತಿಳಿಯದೆ ಕಟ್ಟಡವನ್ನು ಬರೆಯಲಾಗದು. ನೆತ್ತಿಯಲ್ಲಿ ಹೆಂಚಿನ ಸಾಲು ಒಂದಡಿ ಬಿಟ್ಟುಕೊಂಡಿರುವುದು ಕೊಪ್ಪರಿಗೆಯ ಆವಿ ಹೋಗಲಿ ಎಂದು. ಹಿಂದಿನ ಇಟ್ಟಿಗೆಯ ಹೊಗೆ ಕೊಳವೆಯ ಬುಡ ಅಷ್ಟು ದಪ್ಪ ಇರುವುದು ಒಲೆಯ ಬೆಂಕಿ ನೇರ ಅಲ್ಲಿಗೆ ಬಡಿಯುತ್ತಿತ್ತು ಎಂಬ ಕಾರಣಕ್ಕೆ. ಗಾಣ ನಿಂತಿದ್ದ ಕಲ್ಲುಹಾಸಿನ ಮೇಲೆ ಈಗ ಕ್ಯಾನು ತೊಳೆಯುತ್ತಾರೆ. ಒಲೆಯ ಬಾಯಿಗಳನ್ನು ಸೈಜುಗಲ್ಲು ಇಟ್ಟು ಮುಚ್ಚಿದ್ದಾರೆ. ಒಳಗಿನ ಜಂತೆಗಳು ಇವತ್ತಿಗೂ ಕೈಗೆ ಅಂಟುವಷ್ಟು ಮಸಿ.

ಎರಡನೇ ಸಲ ಹೋದಾಗ ಸ್ಪಷ್ಟವಾದ ಸಂಗತಿ: ಇಲ್ಲಿ ಹಳೆಯದೆಲ್ಲ ಕಪ್ಪು, ಹೊಸದೆಲ್ಲ ಬಿಳಿ. ಅಲ್ಯೂಮಿನಿಯಂ ಕ್ಯಾನು, ಗೋಡೆಯ ಅರ್ಧಕ್ಕೆ ಹೊಡೆದ ಸುಣ್ಣ, ಬೋರ್ಡಿನ ಅಕ್ಷರ, ಟ್ಯೂಬ್‌ಲೈಟು, ಕಲ್ಲಿನ ಮೇಲೆ ಚೆಲ್ಲಿದ ಹಾಲು. ಜಲವರ್ಣದಲ್ಲಿ ಬಿಳಿ ಅಂದರೆ ಬಣ್ಣ ಹಚ್ಚದೆ ಬಿಟ್ಟ ಹಾಳೆ. ಹಾಗಾಗಿ ಕಟ್ಟಡದ ಹೊಸ ಬಾಳು ಚಿತ್ರದಲ್ಲಿ ಬರಬೇಕಾದರೆ ಮೊದಲ ಹನಿ ಬಣ್ಣಕ್ಕೂ ಮುಂಚೆ ಅದಕ್ಕೆ ಜಾಗ ಗೊತ್ತುಮಾಡಿರಬೇಕು. ಕಪ್ಪನ್ನು ಕೊನೆಗೆ ಎಷ್ಟು ಬೇಕಾದರೂ ಸೇರಿಸಬಹುದು, ಬಿಳಿಯನ್ನು ಆಗದು. ಹಳೆಯ ಕಟ್ಟಡದ ಚಿತ್ರಗಳಲ್ಲಿ ಬೋರ್ಡು, ಕ್ಯಾನು, ವಿದ್ಯುತ್ ತಂತಿಗಳನ್ನು ತೆಗೆದುಹಾಕಿ ಬರೀ ಹೆಂಚು, ಬಿರುಕು ತೋರಿಸುವ ಅಭ್ಯಾಸ ಇದೆ. ಅದು ನನಗೆ ಸರಿ ಕಾಣುವುದಿಲ್ಲ. ಆ ಮಾಡು ಇನ್ನೂ ನಿಂತಿರುವುದೇ ದಿನಕ್ಕೆ ಎರಡು ಹೊತ್ತು ಜನ ಅಲ್ಲಿಗೆ ಹಾಲು ತರುವುದರಿಂದ.

ಅನುಮತಿಗೇ ಎರಡು ವಾರ ಹೋಯಿತು. ಡಿಸೆಂಬರ್ ಮೊದಲ ವಾರ ಪಟ್ಟಿ ಹಿಡಿದು ಗೋಡೆಯ ಎತ್ತರ ನೋಡುತ್ತಿದ್ದಾಗ ನಾಲ್ಕು ಜನ ಬಂದು ನಿಂತರು. "ಸರ್ವೆಗ್ ಬಂದಿದ್ದೀರಾ ಸಾ?" ಅವರ ಅನುಮಾನ ನ್ಯಾಯವಾದದ್ದೇ, ಅಳತೆ ಪಟ್ಟಿ ಕಂಡರೆ ಜಮೀನಿನ ತಗಾದೆ ನೆನಪಾಗುತ್ತದೆ. ಡೇರಿ ನಡೆಸುವ ಹಾಲಿನ ಸಂಘದ ಸೆಕ್ರೆಟರಿ, "ಒಂದ್ ಅರ್ಜಿ ಬರ್ಕೊಡಿ ಸಾ, ಮೀಟಿಂಗಲ್ಲಿ ಇಡ್ತೀನಿ" ಎಂದರು. ಆಡಳಿತ ಮಂಡಳಿಯ ಸಭೆ ತಿಂಗಳಿಗೊಂದು, ಮುಂದಿನದಕ್ಕೆ ಇನ್ನೂ ಹನ್ನೆರಡು ದಿನ ಇತ್ತು. ಅರ್ಜಿಯಲ್ಲಿ ಇಷ್ಟು ಬರೆದರೆ ಸಾಕು: ಚಿತ್ರ ಬರೆಯಲು ಮಾತ್ರ, ಅಳತೆಗಲ್ಲ, ಯಾವ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು, ಹಾಲು ಹಾಕುವವರ ಮುಖ ಗುರುತು ಸಿಗುವಂತೆ ಬರೆಯುವುದಿಲ್ಲ, ಕೇಳದೆ ಫೋಟೊ ತೆಗೆಯುವುದಿಲ್ಲ, ಮುಗಿದ ಮೇಲೆ ಸಂಘಕ್ಕೆ ಒಂದು ಪ್ರತಿ. ಜೊತೆಗೆ ಆಧಾರ್ ನಕಲು, ಫೋನ್ ನಂಬರು, ಹಿಂದೆ ಬರೆದ ಒಂದೆರಡು ಚಿತ್ರದ ಮುದ್ರಿತ ಪ್ರತಿ. ಮೊಬೈಲಿನಲ್ಲಿ ತೋರಿಸುವುದಕ್ಕಿಂತ ಕೈಗೆ ಕೊಟ್ಟ ಕಾಗದ ಸಭೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಸಹಿಯಾದ ಒಪ್ಪಿಗೆಯ ನಕಲನ್ನು ಚಿತ್ರ ಬರೆಯುವ ಬೋರ್ಡಿನ ಹಿಂದೆಯೇ ಅಂಟಿಸಿಕೊಂಡಿದ್ದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಖರ್ಚು ಸೊನ್ನೆ.

ಕಾಯುವ ದಿನಗಳನ್ನು ಬಿಸಿಲು ನೋಡಲು ಬಳಸಿಕೊಳ್ಳಿ. ಈ ಕಟ್ಟಡದ ಮುಖ ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟುವುದರಿಂದ ಬೆಳಗಿನ ಬಿಸಿಲು ಮುಂಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಗಾರೆಯ ಉಬ್ಬು, ಸುಣ್ಣದ ಹಕ್ಕಳೆ ಎಲ್ಲ ಎದ್ದು ಕಾಣುತ್ತವೆ. ಮಾರ್ಚ್ ಅರ್ಧ ಕಳೆದರೆ ಬೆಳಗಿನ ಹೊತ್ತು ಆ ಗೋಡೆಗೆ ಬಿಸಿಲು ಮುಟ್ಟುವುದೇ ಕಡಿಮೆ, ಆಮೇಲೆ ಮತ್ತೆ ಮಳೆಗಾಲ ಕಳೆಯಬೇಕು. ಸೂರಿನ ನೆರಳು ಎಂಟು ಗಂಟೆಗೆ ಗೋಡೆಯ ಮೇಲೆ ಒಂದೂವರೆ ಅಡಿ ಇದ್ದದ್ದು ಒಂಬತ್ತಕ್ಕೆ ಎರಡೂವರೆ ಅಡಿ ಆಗಿರುತ್ತದೆ. ಆದ್ದರಿಂದ ಕೂತ ಕೂಡಲೇ ನೆರಳಿನ ಗೆರೆಯನ್ನು ಪೆನ್ಸಿಲಿನಲ್ಲಿ ಹಾಕಿ, ಗಂಟೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ನೆರಳು ಎಲ್ಲಿಗೇ ಹೋಗಲಿ, ಚಿತ್ರದಲ್ಲಿ ಅದು ಅಲ್ಲೇ. ಹಾಲು ಹಾಕುವುದು ಆರರಿಂದ ಏಳೂವರೆ. ಜನರನ್ನೂ ಕ್ಯಾನುಗಳನ್ನೂ ಆ ಹೊತ್ತಿನಲ್ಲಿ ಸಣ್ಣ ಪುಸ್ತಕದಲ್ಲಿ ಗೀಚಿಕೊಂಡು, ಸಾಲು ಕರಗಿದ ಮೇಲೆ ಕಟ್ಟಡಕ್ಕೆ ಕೈ ಹಾಕಿದೆ.

ಹಾಳೆಯ ವಿಷಯಕ್ಕೆ ಬರೋಣ, ಮೊದಲ ಪೆಟ್ಟು ಬಿದ್ದದ್ದು ಅಲ್ಲೇ. ಪೂರ್ತಿ ಹತ್ತಿಯ, 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಕೋಲ್ಡ್ ಪ್ರೆಸ್, ಅಂದರೆ ಮೈ ಸ್ವಲ್ಪ ಒರಟಾದ ಹಾಳೆಯೇ ಬೇಕು. ಮರದ ತಿರುಳಿನ ಅಗ್ಗದ ಹಾಳೆ ಎರಡನೇ ಸಲ ಒದ್ದೆ ಮಾಡಿದರೆ ಮೇಲ್ಮೈ ಎದ್ದುಬರುತ್ತದೆ. ಮನೆಯಲ್ಲಿ ಎರಡು ಮಳೆಗಾಲ ಕಳೆದ ಹಾಳೆಯೊಂದಿತ್ತು, ಅದರಲ್ಲೇ ಶುರು ಮಾಡಿದೆ. ಆಕಾಶದ ತೆಳು ನೀಲಿ ಬಳಿದ ಕೂಡಲೇ ಅಲ್ಲಲ್ಲಿ ರಾಗಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಎದ್ದವು. ಹಾಳೆ ಮಾಡುವಾಗ ನೀರು ತಡೆಯಲು ಸೇರಿಸಿರುವ ಜಿಲೆಟಿನ್ ಅಂಟು ತೇವಕ್ಕೆ ಸತ್ತುಹೋದ ಕಡೆ ಬಣ್ಣ ಒಳಕ್ಕೆ ಇಳಿದುಬಿಡುತ್ತದೆ. ಇದಕ್ಕೆ ಮದ್ದಿಲ್ಲ. ಮೂರು ದಿನದ ರೇಖಾಚಿತ್ರ ಹಾಳಾದ ಸಂಕಟ ಬೇರೆ. ಶುರು ಮಾಡುವ ಮುಂಚೆ ಹಾಳೆಯ ಅಂಚಿನಲ್ಲಿ ನಾಲ್ಕು ಕಡೆ ಒದ್ದೆ ಕುಂಚ ಮುಟ್ಟಿಸಿ ನೋಡಿ. ನೀರು ಅರ್ಧ ನಿಮಿಷವಾದರೂ ಮೇಲೆ ಹೊಳೆಯುತ್ತಾ ನಿಂತರೆ ಹಾಳೆ ಬದುಕಿದೆ. ಮುಟ್ಟಿದ ತಕ್ಷಣ ಮಂಕಾಗಿ ಹೀರಿಕೊಂಡರೆ ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಹೊಸ ಹಾಳೆ ತಂದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬೀರುವಿನಲ್ಲಿ ಮಲಗಿಸಿಡಿ. ಹೊರಗೋಡೆಗೆ ಒರಗಿಸಿ ಇಡಬೇಡಿ. ಎರಡು ಪೂರ್ಣ ಹಾಳೆಗೆ 1,900 ರೂಪಾಯಿ ಕೊಟ್ಟೆ, ಅರ್ಧ ಮಾಡಿದರೆ ನಾಲ್ಕಾಗುತ್ತದೆ.

300 ಜಿಎಸ್‌ಎಂ ಹಾಳೆಯೂ ನೀರು ಬಿದ್ದರೆ ಅಲೆಯಾಗಿ ಏಳುತ್ತದೆ, ಬಣ್ಣವೆಲ್ಲ ತಗ್ಗಿಗೆ ಹರಿದು ನಿಲ್ಲುತ್ತದೆ. ಹಾಗಾಗಿ ಬಿಗಿದುಕೊಳ್ಳಬೇಕು. ಶುದ್ಧ ತಣ್ಣೀರಿನಲ್ಲಿ ಐದು ನಿಮಿಷ ನೆನೆಸಿ, ಒಂದು ಮೂಲೆಯಿಂದ ಎತ್ತಿ ನೀರು ಬಸಿದು, 12 ಮಿಲಿಮೀಟರ್ ಪ್ಲೈವುಡ್ಡಿನ ಮೇಲೆ ಹಾಸಿ, ಎರಡಿಂಚಿನ ಗಮ್ ಟೇಪಿನಿಂದ ನಾಲ್ಕೂ ಅಂಚು ಅಂಟಿಸಬೇಕು. ಗಮ್ ಟೇಪ್ ಅಂದರೆ ನೀರು ಸವರಿದರೆ ಅಂಟುವ ಕಂದು ಕಾಗದದ ಟೇಪು, ಪೆಟ್ಟಿಗೆಗೆ ಹಾಕುವ ಪ್ಲಾಸ್ಟಿಕ್ ಟೇಪಲ್ಲ. ಬೋರ್ಡನ್ನು ನೆಲಕ್ಕೆ ಮಲಗಿಸಿಯೇ ಒಣಗಿಸಿ. ನಿಲ್ಲಿಸಿದರೆ ಮೇಲಿನ ಅಂಚು ಮೊದಲು ಒಣಗಿ ಸೆಳೆದು ಟೇಪು ಕಿತ್ತುಕೊಳ್ಳುತ್ತದೆ. ರಾತ್ರಿ ಬಿಗಿದರೆ ಬೆಳಿಗ್ಗೆಗೆ ಸಿದ್ಧ.

ಬಣ್ಣ ಆರೇ: ಅಲ್ಟ್ರಾಮರೀನ್, ಕೋಬಾಲ್ಟ್ ಬ್ಲೂ (ಎರಡೂ ನೀಲಿ), ರಾ ಸಿಯೆನ್ನಾ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಲೈಟ್ ರೆಡ್ (ಇಟ್ಟಿಗೆ ಕೆಂಪು), ಕ್ವಿನಾಕ್ರಿಡೋನ್ ರೋಸ್ (ಗುಲಾಬಿ). ಹಳೆಯ ಕಡುಗೆಂಪು ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ, ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ. ಕಪ್ಪು ಟ್ಯೂಬು ಬೇಡವೇ ಬೇಡ. ಅಲ್ಟ್ರಾಮರೀನ್ ಎರಡು ಪಾಲು, ಬರ್ಂಟ್ ಸಿಯೆನ್ನಾ ಒಂದು ಪಾಲು ಬೆರೆಸಿದರೆ ಬಯಲಿನ ತಣ್ಣನೆಯ ನೆರಳು. ಅದನ್ನೇ ತಿರುಗಿಸಿ ಸಿಯೆನ್ನಾ ಎರಡು, ನೀಲಿ ಒಂದು ಮಾಡಿ, ನೀರು ಕಡಿಮೆ ಹಾಕಿದರೆ ಬೆಲ್ಲದ ಮನೆಯ ಮಸಿ. ಅಲ್ಟ್ರಾಮರೀನಿನ ಕಣಗಳು ಹಾಳೆಯ ಕುಳಿಗಳಲ್ಲಿ ಕೂತು, ಮಸಿ ಹಿಡಿದ ಗಾರೆಯ ಒರಟುತನ ತಾನಾಗಿಯೇ ಬರುತ್ತದೆ. ಜಲವರ್ಣದಲ್ಲಿ ಗಾಢ ಕತ್ತಲು ಬರುವುದಿಲ್ಲ ಅನ್ನುವವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ, ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಐದು ನಿಮಿಷ ನಿಲ್ಲಬೇಕು. ಅದೂ ಜಲವರ್ಣವೇ. ನೀರಿನ ಬಗ್ಗೆ ಒಂದು ಮಾತು: ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಕಲಸಿದ ದಟ್ಟ ಬಣ್ಣ ಒಣಗಿದ ಮೇಲೆ ಬೂದಿ ಸವರಿದಂತೆ ಮಂಕಾಯಿತು. ಮನೆಯಿಂದ ಎರಡು ಲೀಟರ್ ಫಿಲ್ಟರ್ ನೀರು ಒಯ್ಯಲು ಶುರು ಮಾಡಿದ ಮೇಲೆ ಸರಿಹೋಯಿತು.

ಎರಡನೇ ಹಾಳೆ ಹಾಳಾದದ್ದು ಮಾಸ್ಕಿಂಗ್ ಫ್ಲೂಯಿಡ್ ಕಾರಣ. ಬಿಳಿ ಉಳಿಸಬೇಕಾದ ಕಡೆ ಹಚ್ಚಿ, ಆಮೇಲೆ ಕಿತ್ತುಹಾಕುವ ರಬ್ಬರಿನ ಹಾಲು ಅದು. ಒಂಬತ್ತು ಕ್ಯಾನುಗಳ ಅಂಚಿಗೆ ಹಚ್ಚಿ, ಬಣ್ಣ ಬಳಿದು, ಒಣಗಲೆಂದು ಬೋರ್ಡನ್ನು ಹತ್ತೂವರೆ ಬಿಸಿಲಿಗೆ ಇಟ್ಟದ್ದು ತಪ್ಪು. ಬಿಸಿಗೆ ರಬ್ಬರು ಹಾಳೆಗೆ ಕಚ್ಚಿಕೊಂಡಿತು, ಕೀಳುವಾಗ ನಾಲ್ಕು ಕ್ಯಾನಿನ ಜೊತೆ ಹಾಳೆಯ ಸಿಪ್ಪೆಯೂ ಎದ್ದುಬಂತು. ಬಳಸಲೇಬೇಕೆಂದರೆ ನೆರಳಿನಲ್ಲಿ ಒಣಗಿಸಿ, ಅದೇ ದಿನ ಕೀಳಿ. ಕುಂಚವನ್ನು ಮೊದಲು ಸೋಪಿನ ನೊರೆಯಲ್ಲಿ ಅದ್ದಿಕೊಳ್ಳದಿದ್ದರೆ ಕೂದಲು ಗಂಟಾಗುತ್ತದೆ. 350 ರೂಪಾಯಿ ಕೊಟ್ಟ ಸೀಸೆಯನ್ನು ನಾನು ಮತ್ತೆ ತೆರೆಯಲಿಲ್ಲ. ಮೂರನೇ ಹಾಳೆಯಲ್ಲಿ ಕ್ಯಾನುಗಳ ಸುತ್ತ ಎಂಟನೇ ನಂಬರಿನ ಕುಂಚದಲ್ಲಿ ಬಿಟ್ಟುಬಿಟ್ಟೇ ಬರೆದೆ. ನಿಧಾನ ಆಗುತ್ತದೆ, ಆದರೆ ಬಿಟ್ಟ ಬಿಳಿಯ ಅಂಚು ಮೆತ್ತಗೆ ಬರುತ್ತದೆ, ಕತ್ತರಿಸಿ ಅಂಟಿಸಿದಂತೆ ಕಾಣುವುದಿಲ್ಲ.

ಕ್ಯಾನು ಪೂರ್ತಿ ಬಿಳಿ ಅಂದುಕೊಳ್ಳಬೇಡಿ. ನಲವತ್ತು ಲೀಟರಿನ ಅಲ್ಯೂಮಿನಿಯಂ ಕ್ಯಾನಿನಲ್ಲಿ ಹಾಳೆಯ ಬಿಳಿ ಬೇಕಾದದ್ದು ಬಾಯಿಯ ಬಳೆಗೆ, ಹೆಗಲಿಗೆ, ಬಿಸಿಲ ಕಡೆಯ ಬೆರಳಗಲದ ಪಟ್ಟಿಗೆ ಮಾತ್ರ. ನೆರಳ ಮೈಗೆ ತೀರಾ ತೆಳುವಾದ ಕೋಬಾಲ್ಟ್, ಅದು ಆಕಾಶದ ಬಣ್ಣ. ಬುಡಕ್ಕೆ ನೆಲದ ಕೆಂಪು ಹೊಡೆಯುವುದರಿಂದ ಚೂರು ಲೈಟ್ ರೆಡ್. ಹಳೆಯ ಕ್ಯಾನಿನ ನೆಗ್ಗಿನಲ್ಲಿ ಬೆಳಕು ತಲೆಕೆಳಗಾಗುತ್ತದೆ, ಬಿಸಿಲ ಕಡೆಗೆ ಕಪ್ಪು, ಆಚೆ ಕಡೆಗೆ ಹೊಳಪು. ಒಂದೇ ಒಂದು ನೆಗ್ಗನ್ನು ಹಾಗೆ ಸರಿಯಾಗಿ ಬರೆದರೆ ಸಾಲಿನ ಎಲ್ಲ ಕ್ಯಾನೂ ಲೋಹದವು ಎಂದು ಕಣ್ಣು ಒಪ್ಪಿಕೊಳ್ಳುತ್ತದೆ.

ದೊಡ್ಡ ಅಡ್ಡಿ ಬಂದದ್ದು ಸಂಕ್ರಾಂತಿಗೆ ನಾಲ್ಕು ದಿನ ಇದ್ದಾಗ. ಮುಂಗೋಡೆಯ ಸೊಬಗೆಲ್ಲ ಇದ್ದದ್ದು ಹಳೆಯ ಸುಣ್ಣದ ಮೇಲೆ ಒಳಗಿಂದ ಒಸರಿದ ಟೀ ಬಣ್ಣದ ಕಲೆಗಳಲ್ಲಿ. ಮೂರನೇ ಹಾಳೆ ಬಿಗಿದುಕೊಂಡು ಹೋದರೆ ಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಿದೆ. ಸೆಕ್ರೆಟರಿ ಸಂತೋಷದಿಂದ ಬಂದು, "ನೀವ್ ಚಿತ್ರ ಬರೀತೀರಲ್ಲ ಸಾ, ಚೆಂದಾಗ್ ಕಾಣ್ಲಿ ಅಂತ ಎಲ್ಲಾ ಸುಣ್ಣ ಹೊಡೆಸ್ಬುಟ್ವಿ" ಅಂದರು. ಮಾತು ಹೊರಡಲಿಲ್ಲ. ಅವರು ಮಾಡಿದ್ದು ಪ್ರೀತಿಯಿಂದ, ಸಂಘದ ದುಡ್ಡಿನಿಂದ. ಹಳೆಯ ಫೋಟೊ ನೋಡಿ ಕಲೆಗಳನ್ನು ಬರೆದುಬಿಡಬಹುದಿತ್ತು. ಆದರೆ ಅವರು ಆಸೆಪಟ್ಟು ಬೆಳ್ಳಗೆ ಮಾಡಿಸಿದ ಗೋಡೆಯನ್ನು ಕೊಳಕು ಮಾಡಿ ತೋರಿಸಿದ ಹಾಗಾಗುತ್ತಿತ್ತು. ಅಂದು ಹಾಳೆ ತೆರೆಯದೆ ವಾಪಸ್ ಬಂದೆ.

ಸುಣ್ಣ ಹೊಡೆದಿದ್ದ ಮೇಸ್ತ್ರಿಯನ್ನು ಮಾರನೆಯ ವಾರ ಕೇಳಿದಾಗ ಸಿಕ್ಕ ಉತ್ತರವೇ ದಾರಿಯಾಯಿತು. "ಆಲೆಮನೆ ಮಸಿ ಸುಣ್ಣಕ್ಕೆ ನಿಲ್ಲಕಿಲ್ಲ ಸಾ, ತಿಂಗ್ಳಾಗ್ಲಿ ನೋಡಿ." ಸುಣ್ಣದ ನೀರು ಗಾರೆಯೊಳಗಿನ ಹೊಗೆಯ ಜಿಡ್ಡನ್ನು ಹಿಡಿದುಕೊಂಡು, ಒಣಗುತ್ತಾ ಒಣಗುತ್ತಾ ಮೇಲಕ್ಕೆ ತರುತ್ತದೆ. ಮೂರು ವಾರ ಕಾದೆ. ಫೆಬ್ರವರಿ ಮೊದಲ ವಾರಕ್ಕೆ, ಒಲೆಯ ಬಾಯಿ ಇದ್ದ ಜಾಗದ ಮೇಲೆ, ಹೊಸ ಬಿಳುಪಿನೊಳಗಿಂದ ತೆಳ್ಳನೆಯ ಹಳದಿ ಮಿಶ್ರಿತ ಕಂದು ಮೂರು ನಾಲಿಗೆಯಾಗಿ ಇಳಿದಿತ್ತು. ಮೊದಲಿದ್ದ ಕಲೆಗಳಿಗಿಂತ ಇದೇ ನಿಜವಾದ ಚಿತ್ರ ಅನ್ನಿಸಿತು. ಇಂಥ ಕಟ್ಟಡವನ್ನು ಆರಿಸಿಕೊಂಡವರು ಹಬ್ಬ, ಜಾತ್ರೆ, ವಾರ್ಷಿಕ ಸಭೆಗಳ ತಾರೀಖನ್ನು ಮೊದಲೇ ಕೇಳಿಟ್ಟುಕೊಳ್ಳಿ. ಸುಣ್ಣ, ಪೇಂಟು, ಹೆಂಚು ಕೈಯಾಡಿಸುವುದು ಎಲ್ಲ ಆ ಹೊತ್ತಿಗೇ ನಡೆಯುವುದು.

ಆ ಗೋಡೆಯನ್ನು ಬರೆದ ಕ್ರಮ ಹೀಗೆ. ಗೋಡೆಯ ಭಾಗವನ್ನಷ್ಟೇ ಶುದ್ಧ ನೀರಿನಲ್ಲಿ ತೋಯಿಸಿ, ನೀರಿನ ಹೊಳಪು ಹೋಗಿ ಹಾಳೆ ಮುಟ್ಟಿದರೆ ತಣ್ಣಗೆ ಮಾತ್ರ ಇರುವವರೆಗೆ ಕಾದೆ. ಕುಂಚದ ತುದಿಯಲ್ಲಿ ರಾ ಸಿಯೆನ್ನಾಕ್ಕೆ ಹನಿ ಬರ್ಂಟ್ ಸಿಯೆನ್ನಾ ಬೆರೆಸಿ ಕಲೆಯ ಮೇಲ್ತುದಿಗೆ ಮುಟ್ಟಿಸಿ, ಬೋರ್ಡನ್ನು ನಿಮಿರಿಸಿ ಹಿಡಿದೆ. ಬಣ್ಣ ತಾನೇ ಇಳಿಯಿತು. ಬೇಗ ಮುಟ್ಟಿಸಿದರೆ ಗೋಡೆಗೆಲ್ಲ ಹರಡಿಬಿಡುತ್ತದೆ, ತಡವಾದರೆ ಗಟ್ಟಿ ಅಂಚು ಬಂದು ಗೋಡೆಗೆ ಏನೋ ಅಂಟಿಸಿದಂತೆ ಕಾಣುತ್ತದೆ. ಕುಂಚದಲ್ಲಿ ಹಾಳೆಗಿಂತ ಹೆಚ್ಚು ನೀರಿದ್ದರೆ ಬಣ್ಣ ಹಿಂದಕ್ಕೆ ತಳ್ಳಿಸಿಕೊಂಡು ಹರಕು ಎಲೆಯಂಥ ಗುರುತು ಬೀಳುತ್ತದೆ. ಅದಕ್ಕೇ ಪ್ರತಿ ಸಲ ಕುಂಚವನ್ನು ಹತ್ತಿ ಬಟ್ಟೆಗೆ ಒಮ್ಮೆ ಒತ್ತಿಕೊಳ್ಳಿ. ಇಬ್ಬನಿ ಇರುವ ಏಳು ಗಂಟೆಗೆ ಈ ಕಾಯುವಿಕೆ ಇಪ್ಪತ್ತು ನಿಮಿಷ ಹಿಡಿದರೆ ಹತ್ತು ಗಂಟೆಗೆ ಮೂರೇ ನಿಮಿಷ.

ಹೆಂಚಿಗೆ ಮೊದಲು ಇಡೀ ಮಾಡಿಗೆ ಲೈಟ್ ರೆಡ್, ರಾ ಸಿಯೆನ್ನಾದ ತೆಳು ಬಳಿತ. ಒಣಗಿದ ಮೇಲೆ ಮಂಗಳೂರು ಹೆಂಚಿನ ಅಡ್ಡಸಾಲುಗಳಲ್ಲಿ ಮೂರಕ್ಕೆ ಒಂದನ್ನು ಮಾತ್ರ, ಅದೂ ಕಡಿದು ಕಡಿದು. ಎಲ್ಲ ಹೆಂಚನ್ನೂ ಎಣಿಸಿ ಬರೆದರೆ ಮಾಡು ಕೋಷ್ಟಕದಂತೆ ಬಿಗಿಯುತ್ತದೆ. ನೆತ್ತಿಯ ಗೆರೆಗೆ ಸ್ಕೇಲು ಇಡಬೇಡಿ, ತೊಲೆ ಬಾಗಿದ ಕಡೆ ಅದೂ ಬಾಗಲಿ. ಕೊನೆಗೆ ಸೂರಿನ ನೆರಳು, ಬಾಗಿಲ ಕತ್ತಲು, ಕ್ಯಾನಿನ ನೆರಳು ಮೂರನ್ನೂ ಒಂದೇ ಉಸಿರಿನಲ್ಲಿ, ಒಂದೇ ಬಟ್ಟಲಿನ ಬಣ್ಣದಲ್ಲಿ ಎಡದಿಂದ ಬಲಕ್ಕೆ ಎಳೆದೆ. ಬಟ್ಟಲಿನಲ್ಲಿ ಬೇಕಾದ್ದಕ್ಕಿಂತ ಎರಡರಷ್ಟು ಕಲಸಿಟ್ಟುಕೊಂಡಿರಬೇಕು, ಅರ್ಧದಲ್ಲಿ ಮುಗಿದರೆ ಅದೇ ಬಣ್ಣ ಮತ್ತೆ ಬಾರದು.

ಡೇರಿಯ ಹೆಸರಿನ ಬೋರ್ಡಿನ ಅಕ್ಷರಗಳನ್ನು ಬರೀ ಬಿಳಿ ಗೆರೆಗಳಾಗಿ ಬಿಟ್ಟಿದ್ದೆ, ಓದುವಂತಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆಂದು. ಸೆಕ್ರೆಟರಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಸಂಘದ ಹೆಸ್ರೇ ಓದಕ್ಕಾಯ್ತಿಲ್ವಲ್ಲ ಸಾ" ಎಂದರು. ಅವರ ಮಾತು ಸರಿ ಅನ್ನಿಸಿತು. ಮೊದಲ ಮೂರು ಅಕ್ಷರಗಳ ಸುತ್ತ ಸಣ್ಣ ಕುಂಚದಲ್ಲಿ ಗಾಢ ನೀಲಿ ತುಂಬಿ ಬಿಡಿಸಿದೆ, ಉಳಿದದ್ದು ಹಾಗೇ. ಊರಿನವರು ಪೂರ್ತಿ ಓದಿಕೊಳ್ಳುತ್ತಾರೆ.

ಚೌಕಟ್ಟು ಮೈಸೂರಿನಲ್ಲಿ ಹಾಕಿಸಿದ್ದು, ಹತ್ತು ದಿನ, 2,600 ರೂಪಾಯಿ. ಮೊದಲು ವಿಚಾರಿಸಿದ ಅಂಗಡಿಯಲ್ಲಿ ಚಿತ್ರದ ಬೆನ್ನಿಗೆಲ್ಲ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಕೂರಿಸುತ್ತೇವೆ ಎಂದರು. ಒಪ್ಪಬೇಡಿ, ಆಮೇಲೆ ಬಿಡಿಸಲಾಗದು, ಹಾರ್ಡ್‌ಬೋರ್ಡಿನ ಆಮ್ಲಕ್ಕೆ ಹಾಳೆ ಹಳದಿಯಾಗುತ್ತದೆ. ಹೇಳಬೇಕಾದ್ದು ಇಷ್ಟು: ಆಮ್ಲವಿಲ್ಲದ ಮೌಂಟ್ ಬೋರ್ಡು (ಚಿತ್ರದ ಸುತ್ತ ಬರುವ ದಪ್ಪ ರಟ್ಟು), ಮೇಲಂಚಿನಲ್ಲಿ ಎರಡೇ ಕಡೆ ತೆಳು ಕಾಗದದ ತುಂಡಿನಿಂದ ಮೈದಾ ಅಂಟಿನಲ್ಲಿ ನೇತುಹಾಕುವುದು, ಗಾಜು ಚಿತ್ರಕ್ಕೆ ತಾಗದಷ್ಟು ಮೌಂಟಿನ ದಪ್ಪ, ಹಿಂದಿನ ಸಂದುಗಳಿಗೆ ಕಾಗದದ ಟೇಪು. ಕೊಡುವ ಮುಂಚೆ ಸ್ಕ್ಯಾನ್ ಮಾಡಿಸಿ, ಒಂದು ಪ್ರಿಂಟು ತೆಗೆಸಿ. ಎರಡಕ್ಕೂ ಸೇರಿ 1,200. ಉಳಿದ ಖರ್ಚಲ್ಲಿ ಗಮ್ ಟೇಪಿಗೆ 280, ಎರಡು ಟ್ಯೂಬಿಗೆ 640, ಎಂಟು ಸಲ ಮೈಸೂರಿನಿಂದ ಬೈಕಿನಲ್ಲಿ ಹೋಗಿಬಂದದ್ದಕ್ಕೆ ಪೆಟ್ರೋಲು 1,440.

ಒಪ್ಪಂದದಂತೆ ಸಂಘಕ್ಕೆ ಪ್ರಿಂಟು ಸಾಕಿತ್ತು. ಆದರೆ ಸುಣ್ಣದ ಗೋಡೆಗೆ ಅವರು ಹಾಕಿದ ದುಡ್ಡು ನೆನೆದು ಮೂಲ ಚಿತ್ರವನ್ನೇ ಕೊಟ್ಟೆ, ಪ್ರಿಂಟು ನನ್ನಲ್ಲಿದೆ. ಕ್ಯಾನು ತೊಳೆಯುವ ಕಡೆಯ ಗೋಡೆ ಸದಾ ತೇವ, ಬಾಗಿಲೆದುರಿನ ಗೋಡೆಗೆ ಸಂಜೆ ಬಿಸಿಲು. ಲೆಕ್ಕದ ಮೇಜಿನ ಹಿಂದಿನ ಗೋಡೆ ಎರಡಕ್ಕೂ ದೂರ, ಅಲ್ಲೇ ಹಾಕಿದೆವು. ಚೌಕಟ್ಟಿನ ಕೆಳಮೂಲೆಗಳ ಹಿಂದೆ ಅರ್ಧ ಇಂಚಿನ ಬೆಂಡಿನ ತುಂಡು ಅಂಟಿಸಿದ್ದೇನೆ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲೆಂದು. ಗಾಜಿಗೆ ನೀರು ಚಿಮುಕಿಸಬೇಡಿ, ಒಣಬಟ್ಟೆಯಲ್ಲೇ ಒರೆಸಿ ಎಂದು ಅಲ್ಲಿನ ಹುಡುಗನಿಗೆ ತೋರಿಸಿಕೊಟ್ಟಾಗಿದೆ. ಮಳೆ ಹಿಡಿದ ಮೇಲೆ ಜುಲೈನಲ್ಲಿ ಒಮ್ಮೆ ಹೋಗಿ ಚೌಕಟ್ಟು ಇಳಿಸಿ, ಬೆನ್ನಿಗೆ ಬೂಷ್ಟು ಹಿಡಿದಿದೆಯೇ ನೋಡಬೇಕು.